ಮಜ್ಜಿಗೆ ಬಾರದ ಊಟ

ನಮ್ಮ ಪೆಟ್ಟಿಗೆಗಳು ಇನ್ನೂ ಕೋಣೆಗೆ ಬಂದಿರಲಿಲ್ಲ. ಕೋಣೆಯ ಬಾಗಿಲು ತೆರೆಯುವುದಕ್ಕೂ ಒಂದು ಗಂಟೆ ತಡವಿತ್ತು. ಹಡಗನ್ನು ದಕ್ಕೆಗೆ ಬಿಗಿದಿದ್ದ ಹಗ್ಗಗಳನ್ನು ಸಂಜೆ ನಾಲ್ಕೂವರೆಗೆ ಬಿಚ್ಚುವರೆಂದು ಹೇಳಿದ್ದರು. ಆಗ ಹಗಲು ಹನ್ನೆರಡೂವರೆ. ಆದರೆ ಹದಿನೈದನೆಯ ಅಂತಸ್ತಿನಲ್ಲಿ ಊಟ ಮಾತ್ರ ಆರಂಭವಾಗಿಬಿಟ್ಟಿತ್ತು! ಕೋಟು ತೊಟ್ಟವರು, ಕೈಚೀಲ ಹೊತ್ತವರು, ಮಗುವನ್ನು ಕಂಕುಳಲ್ಲಿಟ್ಟವರು, ಗಾಲಿಕುರ್ಚಿಯಲ್ಲಿ ಬಂದ ಅಜ್ಜಿಯರು, ಎಲ್ಲರ ಕೈಯಲ್ಲಿಯೂ ಒಂದೊಂದು ತಟ್ಟೆ. ಸಮುದ್ರವನ್ನು ನೋಡಲೆಂದು ಬಂದ ಅಷ್ಟು ಜನರಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದವನು ನನ್ನ ಎಂಟು ವರ್ಷದ ಮೊಮ್ಮಗನೊಬ್ಬನೇ ಇರಬೇಕು. ಅವನ ಕೈಯಲ್ಲಿಯೂ ಐಸ್‌ಕ್ರೀಮು ಇದ್ದಿತೆನ್ನುವುದನ್ನು ಮುಚ್ಚಿಡಲಾರೆ.

ಅಮೆರಿಕದಲ್ಲಿ ಮಗನೋ ಮಗಳೋ ಇರುವ ಕನ್ನಡದ ತಾಯಿತಂದೆಗಳಿಗೆ ಈಗ ನಯಾಗರಾ ಜಲಪಾತದಷ್ಟೇ ಕಡ್ಡಾಯವಾಗಿಬಿಟ್ಟಿರುವ ಇನ್ನೊಂದು ದರ್ಶನವೆಂದರೆ ಈ ವಿಹಾರದ ಹಡಗು. ನಮಗೂ ಅದು ತಪ್ಪಲಿಲ್ಲ. ಮೊಮ್ಮಗನ ಶಾಲೆಗೆ ಚಳಿಗಾಲದ ರಜ ಬಂದೊಡನೆ ಮಗನೂ ಸೊಸೆಯೂ ನಮ್ಮಿಬ್ಬರನ್ನು ಕರೆದುಕೊಂಡು ಫ್ಲಾರಿಡಾದ ಮಯಾಮಿ ಬಂದರಿಗೆ ಬಂದರು. ಏಳು ರಾತ್ರಿಯ ಪ್ರಯಾಣ. ಕೆರಿಬಿಯನ್ ಸಮುದ್ರದ ಮೂರು ದ್ವೀಪಗಳಿಗೆ ಹೋಗಿ, ಹೊರಟಲ್ಲಿಗೇ ಮರಳುವುದು. ಮೇಜಿನ ಮುಂದೆ ಕುಳಿತು ನಾನು ಮೊದಲು ಕೇಳಿದ ಪ್ರಶ್ನೆ, ಮೇಷ್ಟರಾಗಿ ನಿವೃತ್ತನಾದ ಯಾವನೂ ಕೇಳುವಂಥದೇ: "ಇದಕ್ಕೆಲ್ಲ ಬಿಲ್ಲು ಎಷ್ಟಪ್ಪಾ?"

"ಬಿಲ್ಲಿಲ್ಲ ಅಪ್ಪ. ಊಟ ಟಿಕೆಟ್ಟಿನಲ್ಲೇ ಸೇರಿದೆ. ಎಷ್ಟು ಬೇಕಾದರೂ, ಎಷ್ಟು ಸಲ ಬೇಕಾದರೂ ತಿನ್ನಬಹುದು."

ನನ್ನ ಪಾಲಿಗೆ ಅನರ್ಥಕ್ಕೆಲ್ಲ ಮೂಲವಾದ ವಾಕ್ಯ ಇದೇ. ನನಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆಯಿರುವ ವಿಷಯವನ್ನು ವಾಚಕರಿಗೆ ಇಲ್ಲಿಯೇ ತಿಳಿಸಿಬಿಡುವುದು ಒಳ್ಳೆಯದು.

ಹಡಗಿಗೂ ಭೂರಿಭೋಜನಕ್ಕೂ ಇರುವ ಈ ನಂಟು ಅನಾದಿಯದೇನಲ್ಲ. ಹಾಯಿಹಡಗುಗಳ ಕಾಲದಲ್ಲಿ ಉಪ್ಪು ಹಾಕಿದ ಮಾಂಸ, ಹಲ್ಲು ಮುರಿಯುವಂಥ ಬಿಸ್ಕತ್ತು, ಇವೇ ಸಮುದ್ರದ ಆಹಾರವಾಗಿದ್ದವು. ೧೮೪೦ರಲ್ಲಿ ಕ್ಯೂನಾರ್ಡ್ ಕಂಪನಿಯ 'ಬ್ರಿಟಾನಿಯ' ಎಂಬ ಹೊಗೆಹಡಗು ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೊರಟಾಗ, ಪ್ರಯಾಣಿಕರಿಗೆ ಹಸಿಹಾಲು ಸಿಗಲೆಂದು ಹಡಗಿನ ಮೇಲೆ ಒಂದು ಹಸುವನ್ನೇ ಕಟ್ಟಿಕೊಂಡು ಹೋದರಂತೆ. ಅಂದಿಗೆ ಅದೇ ದೊಡ್ಡ ಭೋಗ. ಎರಡು ವರ್ಷದ ಮೇಲೆ ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸ್ ಅದೇ ಹಡಗಿನಲ್ಲಿ ಹೋದನು. ಕೋಣೆಯ ಇಕ್ಕಟ್ಟನ್ನೂ ತನ್ನ ಹೊಟ್ಟೆ ತೊಳಸಿದ ಸಂಕಟವನ್ನೂ ಕುರಿತು ಅವನು ಬರೆದುದನ್ನು ಓದಿದವರಿಗೆ ಸಮುದ್ರಯಾನದ ಆಸೆ ಹುಟ್ಟುವಂತಿಲ್ಲ.

ವಿಹಾರಕ್ಕೆಂದೇ ಹಡಗನ್ನು ಕಳುಹಿಸುವ ಯೋಚನೆಯನ್ನು ದೊಡ್ಡ ವ್ಯಾಪಾರವಾಗಿ ಮಾಡಿದವನು ಹ್ಯಾಂಬರ್ಗ್-ಅಮೆರಿಕ ಕಂಪನಿಯ ಆಲ್ಬರ್ಟ್ ಬಾಲಿನ್ ಎಂಬ ಜರ್ಮನ್ ಯೆಹೂದ್ಯ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಮೆ. ಬೆಲೆಬಾಳುವ ಹಡಗುಗಳು ಬಂದರಿನಲ್ಲಿ ನಿಂತು ಖರ್ಚು ಬೆಳೆಸುತ್ತಿದ್ದವು. ೧೮೯೧ರ ಜನವರಿಯಲ್ಲಿ ಅವನು 'ಆಗುಸ್ತ ವಿಕ್ಟೋರಿಯ' ಎಂಬ ಹಡಗಿಗೆ ೨೪೧ ಜನರನ್ನು ಹತ್ತಿಸಿ ಮೆಡಿಟರೇನಿಯನ್ ಸಮುದ್ರದ ಕಡೆ ತಿರುಗಾಟಕ್ಕೆ ಕಳುಹಿಸಿದನು. ಮುಟ್ಟಬೇಕಾದ ಊರು ಯಾವುದೂ ಇಲ್ಲದ ಮೇಲೆ ಹಡಗಿನಲ್ಲಿ ಹೊತ್ತು ಹೋಗುವುದೇ ಒಂದು ಕಷ್ಟ. ಕುಣಿತ, ಇಸ್ಪೀಟು, ಅದೂ ಬೇಸರವಾದರೆ ಊಟ. ೧೯೦೫ರಲ್ಲಿ ಅದೇ ಕಂಪನಿಯ 'ಅಮೆರಿಕ' ಎಂಬ ಹಡಗಿನಲ್ಲಿ ರಿಟ್ಜ್ ಹೋಟೆಲಿನ ಹೆಸರು ಹೊತ್ತ ಭೋಜನಶಾಲೆಯೇ ಏರ್ಪಟ್ಟಿತು.

೧೯೧೨ರ 'ಟೈಟಾನಿಕ್' ಹಡಗಿನ ಕಥೆಯನ್ನು ಬಲ್ಲವರೆಲ್ಲ ಮಂಜುಗಡ್ಡೆಯ ಮಾತನ್ನು ಆಡುತ್ತಾರೆ. ಅದರ ಉಗ್ರಾಣದಲ್ಲಿದ್ದುದೇನೆಂದರೆ ೪೦,೦೦೦ ಮೊಟ್ಟೆ, ೭೫,೦೦೦ ಪೌಂಡು ಮಾಂಸ, ೪೦ ಟನ್ನು ಆಲೂಗೆಡ್ಡೆ. ಏಪ್ರಿಲ್ ೧೪ರ ಆ ಕಡೆಯ ರಾತ್ರಿ ಮೊದಲ ತರಗತಿಯವರಿಗೆ ಬಡಿಸಿದ್ದು ಹತ್ತು ಸುತ್ತಿನ ಔತಣ. ಅದೇ ಹಡಗಿನ ಮೂರನೆಯ ತರಗತಿಯವರ ರಾತ್ರಿಯ ಆಹಾರದ ಪಟ್ಟಿಯೂ ಉಳಿದುಬಂದಿದೆ: ಗಂಜಿ, ಒಣ ಬಿಸ್ಕತ್ತು, ಚೀಸು. ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇಂದಿನ ವಿಹಾರದ ಹಡಗಿನ ಗುಟ್ಟು ಅರ್ಥವಾಗುತ್ತದೆಂದು ನನಗೆ ತೋರುತ್ತದೆ. ೧೯೫೮ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರದ ಮೇಲೆ ಹಾರಾಡತೊಡಗಿದ ಮೇಲೆ ಹಡಗಿನಲ್ಲಿ ದಾಟುವವರೇ ಇಲ್ಲವಾದರು. ಹಡಗಿನ ಕಂಪನಿಗಳಿಗೆ ಹೊಸ ಗಿರಾಕಿ ಬೇಕಾಯಿತು. ೧೯೬೮ರಲ್ಲಿ ರಾಯಲ್ ಕೆರಿಬಿಯನ್ ಹುಟ್ಟಿತು. ೧೯೭೨ರಲ್ಲಿ ಕಾರ್ನಿವಲ್ ಕಂಪನಿಯ ಮೊದಲ ಹಡಗು ಮಯಾಮಿಯಿಂದ ಹೊರಟು, ಹೊರಟ ದಿನವೇ ಮರಳ ದಿಬ್ಬಕ್ಕೆ ಸಿಕ್ಕಿಕೊಂಡಿತು. ಅಪಶಕುನವೆಂದು ಯಾರೂ ಹಿಂಜರಿಯಲಿಲ್ಲ. ಅವರು ಮಾರಿದ ಸರಕು ಇಷ್ಟೇ: ಮೂರನೆಯ ತರಗತಿಯ ಜೇಬಿನವನಿಗೆ ಮೊದಲ ತರಗತಿಯ ಊಟದ ಮೇಜು. ಮನೆಯಲ್ಲಿ ಚಿತ್ರಾನ್ನ ತಿಂದು ಕಚೇರಿಗೆ ಓಡುವವನು ಏಳು ದಿನ ಮಹಾರಾಜನಾಗುತ್ತಾನೆ. ಏಳೇ ದಿನವಾದುದರಿಂದ ಅವನು ಅವಸರದ ಮಹಾರಾಜ.

೨೦೨೪ರ ಜನವರಿಯಲ್ಲಿ ಸಂಚಾರ ತೊಡಗಿದ 'ಐಕಾನ್ ಆಫ್ ದಿ ಸೀಸ್' ಎಂಬ ಹಡಗಿನಲ್ಲಿ ೨೦ ಅಂತಸ್ತು. ತುಂಬಿದರೆ ೭,೬೦೦ ಪ್ರಯಾಣಿಕರು. ಊಟತಿಂಡಿಯ ಜಾಗಗಳೇ ಇಪ್ಪತ್ತಕ್ಕಿಂತ ಹೆಚ್ಚು. ನಾವು ಹತ್ತಿದ್ದು ಅಷ್ಟು ದೊಡ್ಡದಲ್ಲ. ಆದರೂ ಎರಡನೆಯ ದಿನ ಮೊಮ್ಮಗನ ಕೈ ಹಿಡಿದು ಎಣಿಸುತ್ತ ಹೋದಾಗ ಹನ್ನೆರಡು ಕಡೆ ಏನಾದರೊಂದು ತಿನ್ನಲು ಸಿಗುತ್ತಿತ್ತು.

ನನ್ನ ದಿನಚರಿಯನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಬೆಳಗ್ಗೆ ಆರೂವರೆಗೆ ಕಾಫಿ, ಜೊತೆಗೆ ಪದರ ಪದರವಾಗಿ ಬಿಡುವ ಬೆಣ್ಣೆಯ ಬ್ರೆಡ್ಡು. ಎಂಟಕ್ಕೆ ತಿಂಡಿ: ಪ್ಯಾನ್‌ಕೇಕ್ ಎಂಬ ದಪ್ಪ ಸಿಹಿದೋಸೆ, ಅದರ ಮೇಲೆ ಮೇಪಲ್ ಮರದ ಪಾಕ, ಹುರಿದ ಆಲೂಗೆಡ್ಡೆ, ಆರೋಗ್ಯಕ್ಕೆಂದು ಎರಡು ಹೋಳು ಹಣ್ಣು. ಹನ್ನೊಂದಕ್ಕೆ ಈಜುಕೊಳದ ಪಕ್ಕದಲ್ಲಿ ಪಿಜ್ಜಾ. ಒಂದು ಗಂಟೆಗೆ ಊಟ. ನಾಲ್ಕಕ್ಕೆ ಚಹಾ, ಚಹಾದ ನೆಪದಲ್ಲಿ ಕೇಕು. ಏಳೂಕಾಲಕ್ಕೆ ಕೆಳಗಿನ ಭೋಜನಶಾಲೆಯಲ್ಲಿ ರಾತ್ರಿಯ ಔತಣ. ಹತ್ತೂವರೆಗೆ ನಾಟಕ ಮುಗಿಸಿ ಬರುವ ದಾರಿಯಲ್ಲಿ ಮತ್ತೆ ಪಿಜ್ಜಾ. ಅದರಾಚೆ, ಹಿಡಿಯನ್ನು ಒತ್ತಿದರೆ ಸುರುಳಿ ಸುರುಳಿಯಾಗಿ ಇಳಿಯುವ ಐಸ್‌ಕ್ರೀಮಿನ ಯಂತ್ರ. ನಾವು ಸಸ್ಯಾಹಾರಿಗಳು. ಕೇಕಿನಲ್ಲಿ ಮೊಟ್ಟೆಯುಂಟೆಂಬುದನ್ನು ನಾನು ಮರೆತೆ. ನನ್ನ ಹೆಂಡತಿ ಮರೆಯಲಿಲ್ಲ. ಆಕೆಯನ್ನು ಕಾಪಾಡಿದ ಕಾರಣಗಳಲ್ಲಿ ಇದೂ ಒಂದು.

ಹಿಂದೆ ಮಧ್ಯರಾತ್ರಿಯ ಬಫೆ ಎಂಬುದೊಂದು ಇತ್ತಂತೆ. ಮಂಜುಗಡ್ಡೆಯನ್ನು ಕೆತ್ತಿ ಹಂಸ ಮಾಡಿ, ಕಲ್ಲಂಗಡಿಯನ್ನು ಕೊರೆದು ಹೂವು ಮಾಡಿ, ಸಾಲು ಮೇಜುಗಳ ಮೇಲೆ ಹರಡಿದ ತಿನಿಸನ್ನು ಜನ ಮೊದಲು ಛಾಯಾಚಿತ್ರ ತೆಗೆದುಕೊಂಡು ಆಮೇಲೆ ತಿನ್ನುತ್ತಿದ್ದರು. ಬಹುಪಾಲು ಕಂಪನಿಗಳು ಅದನ್ನು ಈಗ ಬಿಟ್ಟಿವೆ. ಇಡೀ ದಿನವೇ ಬಫೆಯಾದ ಮೇಲೆ ಮಧ್ಯರಾತ್ರಿಗೆ ಬೇರೆ ವಿಶೇಷವೇಕೆ?

ಇಷ್ಟೊಂದು ತಿನ್ನಲು ಹಸಿವಾದರೂ ಎಲ್ಲಿಂದ ಬರುತ್ತದೆ? ನಿಜ ಹೇಳಬೇಕಾದರೆ, ಮೊದಲ ದಿನದ ಮಧ್ಯಾಹ್ನದ ಬಳಿಕ ಹಡಗನ್ನು ಇಳಿಯುವವರೆಗೆ ನನಗೆ ಹಸಿವೆಂಬುದೇ ಆಗಲಿಲ್ಲ. ತಿಂದದ್ದು ಕಣ್ಣು ಮತ್ತು ನಾಲಗೆ. ನಾಲಗೆಗೆ ಒಂದು ರುಚಿ ಬೇಗ ಸಾಕಾಗುತ್ತದೆ, ಆದರೆ ಆ ರುಚಿ ಮಾತ್ರ. ಪಕ್ಕದಲ್ಲಿ ಬೇರೊಂದು ಬಣ್ಣದ, ಬೇರೊಂದು ರುಚಿಯ ಪದಾರ್ಥ ಬಂತೆಂದರೆ ಅದು ಮತ್ತೆ ಎಚ್ಚರಗೊಳ್ಳುತ್ತದೆ. ೧೯೮೧ರಲ್ಲಿ ಬಾರ್ಬರಾ ರೋಲ್ಸ್ ಎಂಬ ವಿಜ್ಞಾನಿಯೂ ಆಕೆಯ ಸಂಗಡಿಗರೂ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಂದೇ ಬಗೆಯ ಸ್ಯಾಂಡ್‌ವಿಚ್ ಕೊಟ್ಟಾಗ ತಿನ್ನುವುದಕ್ಕಿಂತ, ನಾಲ್ಕು ಬಗೆಯ ಹೂರಣದ ಸ್ಯಾಂಡ್‌ವಿಚ್ ಕೊಟ್ಟಾಗ ಜನ ಸುಮಾರು ಮೂರರಲ್ಲೊಂದು ಪಾಲು ಹೆಚ್ಚು ತಿಂದರು. ನಾಲ್ಕು ಬಗೆಗೆ ಹೀಗಾದರೆ ನಮ್ಮ ಹದಿನೈದನೆಯ ಅಂತಸ್ತಿನ ಎಪ್ಪತ್ತು ಎಂಬತ್ತು ಬಗೆಗೆ ಏನಾಗಬೇಡ? ಇನ್ನು ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ಮುಟ್ಟಲು ಕಾಲು ಗಂಟೆ, ಇಪ್ಪತ್ತು ನಿಮಿಷ ಬೇಕೆನ್ನುತ್ತಾರೆ ವೈದ್ಯರು. ಆ ಇಪ್ಪತ್ತು ನಿಮಿಷದಲ್ಲಿ ನಾನು ಮೂರು ಸಲ ಸಾಲಿಗೆ ಹೋಗಿ ಬಂದಿರುತ್ತಿದ್ದೆ.

ನಮ್ಮ ಕಡೆಯ ಎಲೆಯ ಊಟದಲ್ಲಿ ಬಗೆಗೇನು ಕೊರತೆಯೇ ಎಂದು ವಾಚಕರು ಕೇಳಬಹುದು. ಇಲ್ಲ. ಮದುವೆಮನೆಯ ಎಲೆಯಲ್ಲಿ ಕೋಸಂಬರಿಯಿಂದ ಹಿಡಿದು ಹಪ್ಪಳದವರೆಗೆ ಇಪ್ಪತ್ತು ಬಗೆಗೆ ಮೋಸವಿಲ್ಲ. ಮೇಲಾಗಿ "ಇನ್ನೊಂದೇ ಹೋಳಿಗೆ, ನನಗೋಸ್ಕರ" ಎಂದು ಕೈಯಡ್ಡ ಹಿಡಿದರೂ ಬಡಿಸುವ ಬೀಗರ ಉಪಚಾರ ಬೇರೆ! ಅಲ್ಲಿಯೂ ಹೊಟ್ಟೆ ಕೆಡಿಸಿಕೊಂಡವರಿದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಎಲೆಯ ಊಟಕ್ಕೆ ಒಂದು ನಡೆಯುಂಟು. ಸಾರು ಬಂತು, ಹುಳಿ ಬಂತು, ಸಿಹಿ ಬಂತು. ಆಮೇಲೆ ಮಜ್ಜಿಗೆಯ ಪಾತ್ರೆ ಪಂಕ್ತಿಯ ತುದಿಯಲ್ಲಿ ಕಾಣಿಸಿತೆಂದರೆ ಮುಗಿಯಿತು. ಮಜ್ಜಿಗೆಯನ್ನ ಉಂಡವನು ಮತ್ತೆ ಹೋಳಿಗೆ ಕೇಳುವುದಿಲ್ಲ. ಕೇಳಿದರೆ ಬಡಿಸುವವನೇ ನಗುತ್ತಾನೆ. ಪಂಕ್ತಿ ಒಟ್ಟಿಗೆ ಏಳುತ್ತದೆ, ನಾವೂ ಏಳಲೇಬೇಕು. ಹಡಗಿನಲ್ಲಿ ಯಾರೂ ಮಜ್ಜಿಗೆ ತರುವುದಿಲ್ಲ. ಸಾಕೆನ್ನುವ ಗಂಟೆ ಎಲ್ಲಿಯೂ ಬಾರಿಸುವುದಿಲ್ಲ. ಹೋಟೆಲಿನಲ್ಲಾದರೆ ಬಿಲ್ಲು ಬಂದು ಎಬ್ಬಿಸುತ್ತದೆ. ಇಲ್ಲಿ ಅದೂ ಇಲ್ಲ.

ಬಿಲ್ಲಿಲ್ಲದಿರುವುದು ಇನ್ನೊಂದು ಬಗೆಯಲ್ಲಿಯೂ ಕಾಡುತ್ತದೆ. ದುಡ್ಡು ಕೊಟ್ಟಾಗಿದೆ, ತಿನ್ನದಿದ್ದರೆ ನಷ್ಟ! ಮಗ ಕೊಟ್ಟ ಟಿಕೆಟ್ಟಿನ ಬೆಲೆಯನ್ನು ಏಳು ದಿನಕ್ಕೆ ಹಂಚಿ, ರೂಪಾಯಿಗೆ ತಿರುಗಿಸಿ, ಪ್ರತಿಯೊಂದು ಊಟಕ್ಕೆ ಎಷ್ಟು ಬಿತ್ತೆಂದು ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದ್ದೆ. ಆ ಲೆಕ್ಕ ತಲೆಯಲ್ಲಿ ಕುಳಿತ ಮೇಲೆ ಒಂದು ಕೇಕನ್ನು ಬಿಟ್ಟು ಬರುವುದು ಮಗನ ಸಂಬಳವನ್ನು ಸಮುದ್ರಕ್ಕೆ ಎಸೆದಂತೆ ಕಾಣುತ್ತಿತ್ತು. ೨೦೧೭ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ೧೯೮೦ರಲ್ಲಿಯೇ ಈ ರೋಗವನ್ನು ಕುರಿತು ಬರೆದರು. ಟೆನಿಸ್ ಕ್ಲಬ್ಬಿಗೆ ವರ್ಷದ ಚಂದಾ ಕಟ್ಟಿದ ಒಬ್ಬನಿಗೆ ಮೊಣಕೈ ನೋವು ಬರುತ್ತದೆ. ಕಟ್ಟಿದ ಹಣ ವ್ಯರ್ಥವಾದೀತೆಂದು ಅವನು ನೋವಿನಲ್ಲಿಯೇ ಆಡುತ್ತಾನೆ. ನಾನು ಅದೇ ನ್ಯಾಯದಿಂದ ತಿಂದೆ. ಹಡಗಿನವರಿಗೆ ಇದರಿಂದ ನಷ್ಟವೇನೂ ಇಲ್ಲ. ರಾಶಿ ಲೆಕ್ಕದಲ್ಲಿ ಕೊಂಡ ಹಿಟ್ಟು, ಸಕ್ಕರೆ, ಬೆಣ್ಣೆಗೆ ಎಷ್ಟು ಮಹಾ ಖರ್ಚು? ದೊಡ್ಡ ಕಂಪನಿಗಳ ವರಮಾನದಲ್ಲಿ ಸುಮಾರು ಮೂರರಲ್ಲೊಂದು ಪಾಲು ಟಿಕೆಟ್ಟಿನ ಹೊರಗಿನಿಂದಲೇ ಬರುತ್ತದೆ: ಮದ್ಯ, ಜೂಜಿನ ಕೋಣೆ, ದ್ವೀಪಗಳ ಸುತ್ತಾಟ, ಪ್ರತ್ಯೇಕ ದುಡ್ಡು ಕೊಟ್ಟು ಉಣ್ಣುವ ವಿಶೇಷ ಭೋಜನಶಾಲೆಗಳು. ಹೊಟ್ಟೆ ತುಂಬಿ ಸಂತೋಷವಾಗಿರುವವನು ಜೇಬನ್ನೂ ಸಡಿಲಿಸುತ್ತಾನೆ.

ಹೆಂಡತಿ ಮೊದಲ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ, "ರೀ, ಮಿಷನ್ನಲ್ಲಿ ಒಂದು ಸಲ ನೋಡಿಕೊಳ್ಳಬಾರದೇ?" ಎಂದಳು. ರಕ್ತದ ಸಕ್ಕರೆ ಅಳೆಯುವ ಪುಟ್ಟ ಯಂತ್ರ ಪೆಟ್ಟಿಗೆಯ ತಳದಲ್ಲಿತ್ತು. "ಊರಿಗೆ ಹೋಗಿ ನೋಡೋಣ" ಎಂದೆ. ಆಕೆ ಮತ್ತೇನೂ ಹೇಳಲಿಲ್ಲ. ನನ್ನ ಅಣ್ಣನ ಹೆಸರನ್ನು ಮಾತ್ರ ಎತ್ತಿದಳು. ಅಣ್ಣನಿಗೆ ಇದೇ ಕಾಯಿಲೆಯಿಂದ ಬಲಗಾಲಿನ ಎರಡು ಬೆರಳನ್ನು ತೆಗೆಸಬೇಕಾಗಿ ಬಂದಿತ್ತು. ನಾನು ಕೋಪ ಮಾಡಿಕೊಂಡು ಮೇಲಕ್ಕೆ ಹೋಗಿ ಇನ್ನೊಂದು ಐಸ್‌ಕ್ರೀಮು ತಿಂದೆ. ಅರವತ್ತೊಂಬತ್ತು ವರ್ಷದ ಮನುಷ್ಯ ಹೆಂಡತಿಯ ಕಣ್ಣು ತಪ್ಪಿಸಿ ಕಂಬದ ಮರೆಯಲ್ಲಿ ನಿಂತು ಐಸ್‌ಕ್ರೀಮು ತಿನ್ನುವುದನ್ನು ಯಾರಾದರೂ ಚಿತ್ರ ಬಿಡಿಸಿದ್ದರೆ ಈ ಲೇಖನಕ್ಕೆ ಒದಗುತ್ತಿತ್ತು.

ನಾಲ್ಕನೆಯ ದಿನ ಹಡಗು ಯಾವ ದಡಕ್ಕೂ ಹೋಗಲಿಲ್ಲ. ಸುತ್ತಲೂ ನೀಲಿ ನೀರು, ಮಾಡಲು ಕೆಲಸವಿಲ್ಲ. ಅಂದು ತಿಂದದ್ದಕ್ಕೆ ಲೆಕ್ಕವಿಲ್ಲ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಬಾಯಾರಿ ಬಾಯಾರಿ ಎಚ್ಚರವಾಯಿತು. ನಾಲ್ಕು ಲೋಟ ನೀರು ಕುಡಿದೆ. ನಾಲ್ಕು ಸಲ ಎದ್ದು ಹೋದೆ. ಕಣ್ಣು ಮಂಜಾದಂತಿತ್ತು. ಹೆಂಡತಿ ಮಾತಿಲ್ಲದೆ ಪೆಟ್ಟಿಗೆಯ ತಳದಿಂದ ಯಂತ್ರವನ್ನು ತೆಗೆದು ಬೆರಳು ಚುಚ್ಚಿದಳು. ೩೮೬ ಎಂದು ತೋರಿಸಿತು. ಮಗನನ್ನು ಎಬ್ಬಿಸಿದಳು.

ಹಡಗಿನ ಆಸ್ಪತ್ರೆ ನೀರಿನ ಮಟ್ಟಕ್ಕೆ ಹತ್ತಿರವಾದ ಕೆಳಗಿನ ಅಂತಸ್ತಿನಲ್ಲಿತ್ತು. ಮೇಲೆ ಕೇಳಿಸುತ್ತಿದ್ದ ಸಂಗೀತ ಅಲ್ಲಿಗೆ ಕೇಳಿಸುವುದಿಲ್ಲ. ಯಂತ್ರಗಳ ಗುಂಯ್ಗುಟ್ಟುವಿಕೆ ಮಾತ್ರ. ವೈದ್ಯರು ರಕ್ತ ನೋಡಿ, ಇಂಜೆಕ್ಷನ್ ಕೊಟ್ಟು, ಕೈಗೆ ಸಲೈನ್ ಹಚ್ಚಿ ಮಲಗಿಸಿದರು. ಏನೇನು ತಿಂದಿರಿ ಎಂದು ಕೇಳಿದರು. ಹೇಳಲು ತೊಡಗಿ, ಮಧ್ಯದಲ್ಲಿಯೇ ನಿಲ್ಲಿಸಿದೆ. ಪಕ್ಕದಲ್ಲಿ ಮಗ ನಿಂತಿದ್ದ. ನನ್ನ ಮಗನ ಮುಖದಲ್ಲಿ ಅಂಥ ಭಯವನ್ನು ನಾನು ಅವನ ಬಾಲ್ಯದಲ್ಲಿಯೂ ಕಂಡವನಲ್ಲ. "ತಿನ್ನಿ ತಿನ್ನಿ ಅಂತ ನಾನೇ ಹೇಳಿದೆನಲ್ಲ ಅಪ್ಪ" ಎಂದು ಅವನೆಂದಾಗ ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲೆಂದು ತಿಳಿಯಲಿಲ್ಲ. ಬೆಳಗಿನ ಜಾವಕ್ಕೆ ಸಕ್ಕರೆ ಇಳಿಯಿತು. ಹೊರಡುವಾಗ ಕೈಗೊಂದು ಕಾಗದ ಕೊಟ್ಟರು. ಹಡಗಿನಲ್ಲಿ ನಾನು ಕಂಡ ಮೊದಲ ಬಿಲ್ಲು ಅದೇ. ಔಷಧೋಪಚಾರ ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ!

ಮರುದಿನ ರಾತ್ರಿ ಕೆಳಗಿನ ಭೋಜನಶಾಲೆಯಲ್ಲಿ ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ನನ್ನ ಖಾಲಿ ತಟ್ಟೆಯನ್ನು ಕಂಡು ಬಂದು ನಿಂತ. ಮೊದಲ ದಿನವೇ ಅವನ ಗುರುತಾಗಿತ್ತು. "ಏನಪ್ಪಾ, ನಿನ್ನೂರು ಯಾವುದು?" ಎಂದು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ, "ನಾನು ಕಾರ್ಕಳದ ಹತ್ತಿರದವ ಸಾರ್" ಎಂದು ಕನ್ನಡದಲ್ಲಿ ಉತ್ತರ ಕೊಟ್ಟಿದ್ದ. ಉಡುಪಿ, ಮಂಗಳೂರು ಸೀಮೆಯ ಹೋಟೆಲ್ ವಿದ್ಯೆ ಕಲಿತ ಯುವಕರು ಇಂಥ ಹಡಗುಗಳಲ್ಲಿ ದುಡಿಯುವುದು ಹೊಸದೇನಲ್ಲ. ಭಾರತದವರಿಗೆಂದು ಅಡುಗೆಮನೆಯಲ್ಲಿ ಹೇಳಿ ಬೇಳೆ, ರೊಟ್ಟಿ, ಪಲ್ಯ ಮಾಡಿಸಿಕೊಡುವವರೂ ಸಾಮಾನ್ಯವಾಗಿ ಇವರೇ. ಅವನು ಮೊದಲ ರಾತ್ರಿಯೇ ಕೇಳಿದ್ದ. ನಾನೇ, "ಅದು ಮನೆಯಲ್ಲಿ ಇದ್ದೇ ಇದೆಯಲ್ಲ" ಎಂದು ಬೇಡವೆಂದಿದ್ದೆ.

"ಸಾರ್‌ಗೆ ಹುಷಾರಿಲ್ಲವಾ ಅಮ್ಮ?" ಎಂದು ಅವನು ನನ್ನ ಹೆಂಡತಿಯನ್ನು ಕೇಳಿದ. ಆಕೆ, "ಸಿಹಿಯಿಲ್ಲದ ಮೊಸರು ಇದೆಯಾ ಮಗಾ? ಒಂದು ಬಟ್ಟಲು ಕೊಡು, ಉಪ್ಪು ಕೊಡು. ಸ್ವಲ್ಪ ಬಿಳಿ ಅನ್ನ" ಎಂದಳು. ಅವನು ತಂದುಕೊಟ್ಟ. ಆಕೆ ಮೊಸರಿಗೆ ನೀರು ಬೆರೆಸಿ, ಫೋರ್ಕಿನಿಂದಲೇ ಕಡೆದು, ಉಪ್ಪು ಹಾಕಿ ಅನ್ನದ ಮೇಲೆ ಸುರಿದಳು. ಅಕ್ಕಪಕ್ಕದ ಮೇಜಿನವರು ನೋಡುತ್ತಿದ್ದರು. ಮಾಣಿ ಒಳಗೆ ಹೋಗಿ ಸಣ್ಣಗೆ ಹೆಚ್ಚಿದ ಶುಂಠಿಯನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಬಂದ. ಐದು ದಿನಗಳಲ್ಲಿ ಊಟವಾಯಿತೆಂದು ನನಗೆ ಅನಿಸಿದ್ದು ಆಗಲೇ.

ಅವನ ಊಟ ಯಾವಾಗ ಎಂದು ಕೇಳಿದೆ. "ನಮ್ಮದು ಆಗುವಾಗ ಹನ್ನೊಂದು ಗಂಟೆ ಆಗ್ತದೆ ಸಾರ್. ಕೆಳಗೆ ನಮ್ಮದೇ ಮೆಸ್ ಉಂಟು, ಅನ್ನ ಸಾರು ಸಿಗ್ತದೆ" ಎಂದ. ಅವನ ಕರಾರು ಎಂಟು ತಿಂಗಳದು. ಆ ಎಂಟು ತಿಂಗಳಲ್ಲಿ ರಜದ ದಿನವೆಂಬುದಿಲ್ಲ. ೨೦೧೩ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕರ ಒಪ್ಪಂದವು ದಿನಕ್ಕೆ ಕನಿಷ್ಠ ೧೦ ಗಂಟೆ ವಿಶ್ರಾಂತಿ ಕೊಡಬೇಕೆನ್ನುತ್ತದೆ. ಅವನಿಗೆ ಅದರ ಬಗ್ಗೆ ದೂರಿರಲಿಲ್ಲ. ತಂಗಿಯ ಮದುವೆ ಈ ದುಡ್ಡಿನಲ್ಲಿಯೇ ಆಗಿದೆ. ಮನಸ್ಸಿಗೆ ಕಷ್ಟವಾಗುವುದು ಬೇರೆ. "ಮೂರು ತಟ್ಟೆ ಹೇಳ್ತಾರೆ ಸಾರ್. ಒಂದೊಂದರಲ್ಲಿ ಒಂದು ತುತ್ತು. ನಾನು ಅದನ್ನು ಎತ್ತಿಕೊಂಡು ಹೋಗಿ ಹಾಕಬೇಕಲ್ಲ? ನಮ್ಮ ಅಜ್ಜಿ ನೋಡಿದ್ರೆ ಹೊಡೀತಿದ್ರು."

ಹೀಗೆ ಉಳಿದದ್ದು ಎಲ್ಲಿ ಹೋಗುತ್ತದೆಂಬುದನ್ನು ಪ್ರಯಾಣಿಕರು ಕೇಳುವುದಿಲ್ಲ. ಹಡಗಿನ ಕಸವನ್ನು ಕುರಿತ ಅಂತರರಾಷ್ಟ್ರೀಯ ನಿಯಮದ ಪ್ರಕಾರ, ವಿಶೇಷ ರಕ್ಷಣೆಗೆ ಒಳಪಡದ ಸಮುದ್ರಗಳಲ್ಲಿ, ಅನ್ನಾಹಾರದ ಉಳಿಕೆಯನ್ನು ೨೫ ಮಿಲಿಮೀಟರಿಗಿಂತ ಸಣ್ಣಗೆ ಅರೆದು ದಡದಿಂದ ೩ ನಾವಿಕ ಮೈಲಿಯ ಆಚೆ, ಅರೆಯದಿದ್ದರೆ ೧೨ ಮೈಲಿಯ ಆಚೆ ನೀರಿಗೆ ಬಿಡಬಹುದು. ಕೆರಿಬಿಯನ್ನಿನಂಥ ವಿಶೇಷ ವಲಯಗಳಲ್ಲಿ ಅರೆದದ್ದನ್ನೂ ೧೨ ಮೈಲಿಯ ಆಚೆಯೇ ಬಿಡಬೇಕು. ಈಚೆಗೆ ಕಂಪನಿಗಳು ಉಳಿಕೆಯನ್ನು ಕೊಳೆಯಿಸಿ ನೀರು ಮಾಡುವ ಯಂತ್ರಗಳನ್ನು ಇಟ್ಟಿವೆ. ಬಫೆಯ ತಟ್ಟೆಗಳನ್ನೂ ಪಾತ್ರೆಗಳನ್ನೂ ಕಿರಿದು ಮಾಡಿವೆ. ಇದು ಮೆಚ್ಚತಕ್ಕ ಕೆಲಸವೇ. ಆದರೂ ನಾನು ರಾತ್ರಿ ಕಟಕಟೆಯ ಬಳಿ ನಿಂತು ಸಮುದ್ರವನ್ನು ನೋಡುವಾಗ ಅದರ ಹೊಟ್ಟೆಯೂ ನನ್ನ ಹೊಟ್ಟೆಯಂತೆಯೇ ಎಂದು ಅನಿಸಿದ್ದುಂಟು.

ಬಫೆಯ ಬಾಗಿಲಲ್ಲಿ ಹುಡುಗಿಯೊಬ್ಬಳು ಹಾಡಿ ಕುಣಿದು, ಕೈ ತೊಳೆಯಿರಿ ಎಂದು ಎಲ್ಲರನ್ನೂ ಕಾಡುತ್ತಿದ್ದಳು. ಅದಕ್ಕೂ ಕಾರಣವಿದೆ. ವಾಂತಿಭೇದಿ ತರುವ ನೊರೊವೈರಸ್ ಎಂಬ ರೋಗಾಣು ಹಡಗಿನಂಥ ಇಕ್ಕಟ್ಟಿನಲ್ಲಿ ಬಲು ಬೇಗ ಹರಡುತ್ತದೆ. ನೂರಾರು ಕೈ ಮುಟ್ಟಿದ ಸೌಟು ಅದಕ್ಕೆ ಒಳ್ಳೆಯ ವಾಹನ. ಕೈಗೆ ಹಚ್ಚಿಕೊಳ್ಳುವ ಮದ್ಯಸಾರದ ದ್ರವಕ್ಕೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸಾಬೂನು, ನೀರು ಬೇಕು. ಕೈಕಾಲು ತೊಳೆದು ಎಲೆಯ ಮುಂದೆ ಕೂತುಕೊಳ್ಳುವ ಅಭ್ಯಾಸ ಇರುವವರಿಗೆ ಇದನ್ನು ಹೇಳಬೇಕಾಗಿಲ್ಲ.

ಪ್ರಯಾಣಿಕರಾಗಿ ಹತ್ತುತ್ತಾರೆ, ಸರಕಾಗಿ ಇಳಿಯುತ್ತಾರೆ ಎಂಬುದು ಹಡಗಿನವರು ಆಡಿಕೊಳ್ಳುವ ಹಳೆಯ ಹಾಸ್ಯ. ಅದನ್ನು ನಂಬಿ ಗಾಬರಿಯಾಗಬೇಕಾಗಿಯೂ ಇಲ್ಲ. ಇಳಿದ ದಿನ ತಕ್ಕಡಿ ತೋರಿಸುವ ತೂಕದಲ್ಲಿ ಉಪ್ಪು ತಿಂದು ಮೈಯಲ್ಲಿ ನಿಂತ ನೀರಿನ ಪಾಲೂ ಇರುತ್ತದೆ, ಅದು ಕೆಲವು ದಿನಗಳಲ್ಲಿ ಇಳಿಯುತ್ತದೆ. ನಿಜವಾದ ಕೊಬ್ಬು ಒಂದು ಕಿಲೋ ಬೆಳೆಯಲು ದೇಹಕ್ಕೆ ಬೇಕಾದುದಕ್ಕಿಂತ ಸುಮಾರು ೭,೭೦೦ ಕ್ಯಾಲೊರಿ ಹೆಚ್ಚು ತಿನ್ನಬೇಕು. ನನ್ನ ದಿನಚರಿಯಲ್ಲಿ ಅದು ಕಷ್ಟವೇನೂ ಆಗಿರಲಿಲ್ಲ. ಕಳೆಯುವುದು ಕಷ್ಟ: ಒಂದು ಗಂಟೆ ಚುರುಕಾಗಿ ನಡೆದರೆ ಕರಗುವುದು ೨೫೦ರಿಂದ ೩೦೦, ಒಂದು ದೊಡ್ಡ ಹೋಳು ಚೀಸ್‌ಕೇಕಿಗೂ ಅದು ಸಾಲದು.

ಕಡೆಯ ಎರಡು ದಿನ ನಾವು ಮೇಲಿನ ಬಫೆಗೆ ಹೋಗಲಿಲ್ಲ. ಕುಳಿತಲ್ಲಿಗೆ ತಂದು ಬಡಿಸುವ ಕೆಳಗಿನ ಭೋಜನಶಾಲೆಗೇ ಹೋದೆವು. ಅಲ್ಲಿ ಕೇಳಲು ನಾಚಿಕೆಯಾಗುವುದರಿಂದಲೇ ಅರ್ಧ ಊಟ ಕಡಮೆಯಾಗುತ್ತದೆ. ಒಂದು ಸಲ ಬಫೆಗೆ ಹೋಗಲೇಬ���ಕಾಗಿ ಬಂದಾಗ ಸೊಸೆ, "ಮಾವ, ತಟ್ಟೆ ಆಮೇಲೆ ತೆಗೆದುಕೊಳ್ಳೋಣ, ಮೊದಲು ಒಂದು ಸುತ್ತು ಬರೋಣ" ಎಂದಳು. ಬರಿಗೈಯಲ್ಲಿ ಸುತ್ತಿ ಬಂದ ಮೇಲೆ ಬೇಕೆನಿಸಿದ್ದು ಎರಡೋ ಮೂರೋ ಪದಾರ್ಥ ಮಾತ್ರ. ಅವನ್ನು ಮಾತ್ರ ತಂದು ತಿಂದೆ, ಅವುಗಳ ರುಚಿಯೂ ತಿಳಿಯಿತು. ಹಡಗಿನ ಅಡುಗೆಯವರು ಮಾಡುವ ಬ್ರೆಡ್ಡು ನಿಜಕ್ಕೂ ಅಮೋಘವಾದುದು. ಮೊದಲ ನಾಲ್ಕು ದಿನ ಅದನ್ನು ಇತರ ಹದಿನೈದು ತಿನಿಸುಗಳ ಜೊತೆಯಲ್ಲಿ ನುಂಗಿದವನಿಗೆ ಇದು ಗೊತ್ತೇ ಆಗಿರಲಿಲ್ಲ. ಲಿಫ್ಟಿನ ಬದಲು ಮೆಟ್ಟಿಲು ಹತ್ತಿದೆವು. ಮೊಮ್ಮಗ ಪ್ರತಿಯೊಂದು ಅಂತಸ್ತಿನಲ್ಲಿಯೂ, "ತಾತಾ, ಶುಗರ್ ಎಷ್ಟಾಯಿತು?" ಎಂದು ಕೇಳುತ್ತಿದ್ದ.

ಇಂಥ ಹಡಗು ಈಗ ನಮ್ಮ ಕಡೆಗೂ ಬಂದಿದೆ. ೨೦೨೧ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಭಾರತದವರಿಗೆಂದೇ ವಿಹಾರದ ಹಡಗು ಹೊರಡತೊಡಗಿತು. ಅದರಲ್ಲಿ ಜೈನರ ಅಡುಗೆಯೂ ಸಿಗುತ್ತದೆಯಂತೆ. ಮಂಗಳೂರಿನ ಪಣಂಬೂರು ಬಂದರಿಗೆ ಪ್ರತಿ ಹಂಗಾಮಿನಲ್ಲಿಯೂ ವಿದೇಶದ ಹಡಗುಗಳು ಬಂದು, ಪ್ರವಾಸಿಗಳು ಕುದ್ರೋಳಿಯ ದೇವಸ್ಥಾನವನ್ನೂ ಗೋಡಂಬಿ ಕಾರ್ಖಾನೆಯನ್ನೂ ನೋಡಿ ಹೋಗುವುದನ್ನು ಅಲ್ಲಿಯವರು ಬಲ್ಲರು. ಮುಂದೊಂದು ದಿನ ಹಡಗಿನ ಊಟದ ಕೊನೆಗೆ ಕಡೆದ ಮಜ್ಜಿಗೆಯನ್ನು ತರುವ ಕಂಪನಿ ಬಂದರೆ ನಾನು ಇನ್ನೊಂದು ಸಲ ಹತ್ತಿಯೇನು.

ಎಂಟನೆಯ ದಿನ ಬೆಳಗ್ಗೆ ಆರಕ್ಕೆ ಹಡಗು ಮಯಾಮಿಯ ದಕ್ಕೆಗೆ ಬಂತು. ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಬಾಗಿಲ ಹೊರಗೆ ಇಟ್ಟಾಗಿತ್ತು. ಇಳಿಯಲು ಇನ್ನೂ ಎರಡು ಗಂಟೆ ಇದ್ದುದರಿಂದ ಹದಿನೈದನೆಯ ಅಂತಸ್ತಿನಲ್ಲಿ ಕಡೆಯ ತಿಂಡಿಗೆ ಸಾಲು ನಿಂತಿತ್ತು. ಮೊದಲ ದಿನ ಕಂಡ ಮುಖಗಳೇ, ಅದೇ ಕೋಟು, ಅದೇ ಕೈಚೀಲ. ನಾನು ಒಂದು ಲೋಟ ಕಾಫಿ ಹಿಡಿದು ಮೊಮ್ಮಗನ ಪಕ್ಕದಲ್ಲಿ ಕಿಟಕಿಯ ಬಳಿ ನಿಂತೆ. ಕೆಳಗೆ ದಕ್ಕೆಯ ಮೇಲೆ ಲಾರಿಗಳು ಬಂದು ನಿಂತಿದ್ದವು. ಹಳದಿ ಬಣ್ಣದ ಸಣ್ಣ ಗಾಡಿಗಳು ಮೊಟ್ಟೆಯ ಪೆಟ್ಟಿಗೆ, ಹಿಟ್ಟಿನ ಮೂಟೆ, ಅನಾನಸು, ಹಾಲಿನ ಡಬ್ಬಗಳನ್ನು ಎತ್ತಿ ಎತ್ತಿ ಹಡಗಿನ ಹೊಟ್ಟೆಯೊಳಗೆ ತುಂಬುತ್ತಿದ್ದವು. ಅಂದು ಮಧ್ಯಾಹ್ನ ಹನ್ನೆರಡೂವರೆಗೆ ಮುಂದಿನ ತಂಡ ಊಟಕ್ಕೆ ಬರುವುದಿತ್ತು.